ಅಸ್ಸಾಮಿನ ಕಾಡು, ಹುಲ್ಲುಗಾವಲಿಗೆ ಹಕ್ಕಿ ನೋಡಲು ಹೋಗುವುದು ಹೇಗೆ?

ರಂಗನತಿಟ್ಟು, ದಾಂಡೇಲಿ, ಮಾಗಡಿ ಕೆರೆಯಂಥ ಕಡೆ ಕಣ್ಣು ಪಳಗಿಸಿಕೊಂಡವರು ‘ಮುಂದೆ ಎಲ್ಲಿಗೆ ಹೋಗಲಿ?’ ಎಂದು ಕೇಳಿದರೆ ನಾನು ಅಸ್ಸಾಮಿನ ಹೆಸರು ಹೇಳುತ್ತೇನೆ. ಭೂತಾನ್ ಮತ್ತು ಅರುಣಾಚಲದ ಬೆಟ್ಟಗಳು ಬಯಲಿಗೆ ಇಳಿಯುವ ಕಡೆ ದಟ್ಟ ಕಾಡಿದೆ. ಕಾಡು ಮುಗಿಯುವಲ್ಲಿ ಉರುಟು ಕಲ್ಲುಗಳ ಮೇಲೆ ಹರಿಯುವ ತಣ್ಣನೆಯ ನದಿಗಳಿವೆ. ಅಲ್ಲಿಂದ ಕೆಳಗೆ, ಬ್ರಹ್ಮಪುತ್ರ ಬಯಲಿನಲ್ಲಿ, ಆನೆಯನ್ನೂ ಮರೆಮಾಡುವ ಹುಲ್ಲು ಬೆಳೆಯುತ್ತದೆ. ಒಂದೇ ವಾರದಲ್ಲಿ ಈ ಮೂರನ್ನೂ ನೋಡಬಹುದಾದ ಜಾಗ ದೇಶದಲ್ಲಿ ಹೆಚ್ಚಿಲ್ಲ. ಆದರೂ ನಮ್ಮಲ್ಲಿ ಬಹಳಷ್ಟು ಜನ ಕಾಜಿರಂಗದಲ್ಲಿ ಎರಡು ರಾತ್ರಿ ಉಳಿದು, ಘೇಂಡಾಮೃಗದ ಫೋಟೊ ತೆಗೆದು ವಾಪಸಾಗುತ್ತಾರೆ. ಹಕ್ಕಿಗಾಗಿಯೇ ಹೋಗುವುದಾದರೆ ತಯಾರಿ ಬೇರೆಯೇ ಬೇಕು.

ಮೊದಲು ತಿಂಗಳು ಗೊತ್ತುಮಾಡಿಕೊಳ್ಳಿ

ಮಳೆಗಾಲದಲ್ಲಿ ಪ್ರವಾಹದಿಂದಾಗಿ ಉದ್ಯಾನಗಳು ಮುಚ್ಚಿರುತ್ತವೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಹೋಗಬಹುದು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಈ ಆರು ತಿಂಗಳು ಒಂದೇ ತೆರನಾಗಿರುವುದಿಲ್ಲ. ನವೆಂಬರಿನಲ್ಲಿ ಹುಲ್ಲು ಜೀಪಿಗಿಂತ ಎತ್ತರ ಇರುತ್ತದೆ, ಅದರೊಳಗಿನ ಹಕ್ಕಿ ಕೂಗುವುದು ಕೇಳಿಸುತ್ತದೆಯೇ ಹೊರತು ಕಾಣಿಸುವುದಿಲ್ಲ. ಡಿಸೆಂಬರ್, ಜನವರಿಯ ಬೆಳಗುಗಳನ್ನು ಮಂಜು ನುಂಗಿಬಿಡುತ್ತದೆ. ಚಳಿಗಾಲದ ಕೊನೆಗೆ ಅರಣ್ಯ ಇಲಾಖೆ ಹುಲ್ಲನ್ನು ಭಾಗ ಭಾಗವಾಗಿ ಸುಡುತ್ತದೆ. ಕರಿಯ ನೆಲದಲ್ಲಿ ಹಸಿರು ಚಿಗುರು ಏಳುವಾಗ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಹುಲ್ಲುಗಾವಲಿನ ಅಪರೂಪದ ಹಕ್ಕಿ ಬೆಂಗಾಲ್ ಫ್ಲೋರಿಕನ್‌ನ ಗಂಡು ಜಿಗಿದು ಕುಣಿಯುವುದು ಮಾರ್ಚ್, ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ನದಿಯ ಚಳಿಗಾಲದ ಅತಿಥಿಗಳು ಹಿಮಾಲಯದ ಮೇಲ್ಭಾಗಕ್ಕೆ ಹೊರಟು ನಿಂತಿರುತ್ತವೆ.

ಎರಡೂ ಕೈಗೆ ಸಿಗಬೇಕಾದರೆ ಫೆಬ್ರುವರಿ ಕೊನೆಯ ವಾರದಿಂದ ಮಾರ್ಚ್ ಮಧ್ಯದವರೆಗಿನ ಅವಧಿಯೇ ಸರಿ. ಫ್ಲೋರಿಕನ್ ಒಂದೇ ಗುರಿಯಾದರೆ ಮಾರ್ಚ್ ಕೊನೆಗೆ ಹೋಗಿ. ಆಗ ಸಂಜೆಯ ಹೊತ್ತು ಗಾಳಿ, ಗುಡುಗು, ಆಲಿಕಲ್ಲು ಒಟ್ಟಿಗೆ ಬರುವ ಬಿರುಗಾಳಿ ಏಳುತ್ತದೆ, ಅಲ್ಲಿನವರು ಅದನ್ನು ಬರ್ದೊಯ್ಸಿಲಾ ಎನ್ನುತ್ತಾರೆ. ಒಂದೆರಡು ಸಂಜೆ ಕೈತಪ್ಪಿದರೂ ನಡೆಯುತ್ತದೆ ಎಂದುಕೊಂಡೇ ದಿನಗಳನ್ನು ಹೊಂದಿಸಿಕೊಳ್ಳಿ.

ಮೂರು ಜಾಗ ಸಾಕು

ಬೆಂಗಳೂರಿನಿಂದ ಗುವಾಹಟಿಗೆ ನೇರ ವಿಮಾನ ಇದೆ, ಸುಮಾರು ಮೂರು ಗಂಟೆಯ ಹಾದಿ. ಅಲ್ಲಿಂದ ಪಶ್ಚಿಮಕ್ಕೆ ಮಾನಸ್, ಪೂರ್ವಕ್ಕೆ ನಾಮೇರಿ, ಬ್ರಹ್ಮಪುತ್ರದ ದಕ್ಷಿಣ ದಡದಲ್ಲಿ ಕಾಜಿರಂಗ, ಮೂರೂ ರಾಷ್ಟ್ರೀಯ ಉದ್ಯಾನಗಳು. ಒಂಬತ್ತು ಹತ್ತು ದಿನ ಇದ್ದರೆ ಮಾನಸ್‌ಗೆ ಮೂರು ರಾತ್ರಿ, ನಾಮೇರಿಗೆ ಮೂರು, ಕಾಜಿರಂಗಕ್ಕೆ ಎರಡು ಕೊಡಿ. ಉಳಿದದ್ದು ಗುವಾಹಟಿಗೆ ಮತ್ತು ರಸ್ತೆಗೆ. ಮಾನಸ್‌ನಿಂದ ನಾಮೇರಿಗೆ ಕಾರಿನಲ್ಲಿ ಒಂದು ಇಡೀ ದಿನ ಹೋಗುತ್ತದೆ. ನಾಮೇರಿಯಿಂದ ಕಾಜಿರಂಗಕ್ಕೆ ತೇಜ್‌ಪುರದ ಹತ್ತಿರ ಕಲಿಯಾಭೊಮೊರಾ ಸೇತುವೆ ದಾಟಿದರೆ ಎರಡು ಮೂರು ಗಂಟೆ.

ಇದಕ್ಕೆ ಅರುಣಾಚಲದ ಈಗಲ್‌ನೆಸ್ಟ್ ಅಭಯಾರಣ್ಯವನ್ನೂ ಸೇರಿಸಬೇಕೆಂದು ಆಸೆ ಹುಟ್ಟುತ್ತದೆ. ಬೇಡ. ಬುಗುನ್ ಲಿಯೊಸಿಕ್ಲಾ ಎಂಬ ಹೊಸ ಹಕ್ಕಿಯನ್ನು ಖಗೋಳ ವಿಜ್ಞಾನಿ ರಮಣ ಆತ್ರೇಯ ಅವರು 2006ರಲ್ಲಿ ಲೋಕಕ್ಕೆ ಪರಿಚಯಿಸಿದ್ದು ಅಲ್ಲಿಂದಲೇ. ಅದು ಎತ್ತರದ ಬೆಟ್ಟದ ಕಾಡು, ಅದಕ್ಕೆ ಪ್ರತ್ಯೇಕ ಪ್ರವಾಸವೇ ಬೇಕು. ಅರುಣಾಚಲಕ್ಕೆ ಕಾಲಿಡುವುದಾದರೆ ಇನ್ನರ್ ಲೈನ್ ಪರ್ಮಿಟ್ (ಹೊರರಾಜ್ಯದವರಿಗೆ ಬೇಕಾದ ಪ್ರವೇಶ ಅನುಮತಿ) ಕಡ್ಡಾಯ. ಅಸ್ಸಾಮಿನಲ್ಲಿ ಅದರ ಗೊಡವೆ ಇಲ್ಲ, ಉದ್ಯಾನದ ಪ್ರವೇಶಕ್ಕೆ ಗುರುತಿನ ಚೀಟಿ ಜೊತೆಗಿರಲಿ.

ಗುವಾಹಟಿಯಲ್ಲಿ ಕಳೆಯುವ ದಿನ ವ್ಯರ್ಥವಲ್ಲ. ಐದು ಅಡಿ ಎತ್ತರದ, ಬೋಳು ತಲೆಯ, ಕುತ್ತಿಗೆಯಲ್ಲಿ ಚೀಲ ಜೋತುಬಿದ್ದ ಹರ್ಗಿಲಾ ಕೊಕ್ಕರೆ ಅಲ್ಲಿ ಸಿಗುತ್ತದೆ. ನಗರದಿಂದ ಹೆಚ್ಚು ದೂರವಿಲ್ಲದ ದಾದರಾ ಊರಿನಲ್ಲಿ ಜನರ ಹಿತ್ತಿಲ ಮರಗಳ ಮೇಲೇ ಅದು ಗೂಡು ಕಟ್ಟುತ್ತದೆ. ಒಂದು ಕಾಲದಲ್ಲಿ ಹೊಲಸು ಹಕ್ಕಿಯೆಂದು ಮರವನ್ನೇ ಕಡಿಯುತ್ತಿದ್ದರು. ಜೀವವಿಜ್ಞಾನಿ ಪೂರ್ಣಿಮಾ ದೇವಿ ಬರ್ಮನ್ ಅವರು ಊರ ಹೆಂಗಸರನ್ನು ಒಟ್ಟುಗೂಡಿಸಿ ‘ಹರ್ಗಿಲಾ ಸೇನೆ’ ಕಟ್ಟಿದ ಮೇಲೆ ಅದೇ ಹಕ್ಕಿ ಮಗ್ಗದ ಬಟ್ಟೆಯ ಚಿತ್ತಾರವಾಯಿತು. ಈ ಕೆಲಸಕ್ಕೆ 2022ರಲ್ಲಿ ವಿಶ್ವಸಂಸ್ಥೆಯ ‘ಚಾಂಪಿಯನ್ಸ್ ಆಫ್ ದಿ ಅರ್ಥ್’ ಗೌರವ ಬಂತು. ನಮ್ಮ ಕೊಕ್ಕರೆ ಬೆಳ್ಳೂರನ್ನು ಕಂಡವರಿಗೆ ಅಲ್ಲಿನ ಅಂಗಳಗಳು ಅಪರಿಚಿತ ಅನ್ನಿಸುವುದಿಲ್ಲ.

ಗೈಡನ್ನು ಆರಿಸುವುದು

ಇಡೀ ಪ್ರವಾಸ ನಿಂತಿರುವುದು ಇದರ ಮೇಲೆ, ಆದ್ದರಿಂದ ಖರ್ಚು ಉಳಿಸುವುದಿದ್ದರೆ ಕೋಣೆಯಲ್ಲಿ ಉಳಿಸಿ, ಗೈಡ್ ವಿಷಯದಲ್ಲಿ ಬೇಡ. ಸಫಾರಿ ಜೀಪಿನ ಚಾಲಕರಿಗೆ ಹುಲಿ, ಆನೆ, ಘೇಂಡಾಮೃಗ ತೋರಿಸಿ ಅಭ್ಯಾಸ. ಹಕ್ಕಿ ಬಲ್ಲವರನ್ನು ಬೇರೆಯಾಗಿ ಕೇಳಿ ಗೊತ್ತುಮಾಡಬೇಕು. ಫೋನಿನಲ್ಲಿ ಮಾತಾಡುವಾಗ ಒಂದು ಪ್ರಶ್ನೆ ತಪ್ಪದೆ ಕೇಳಿ: ‘ಕಪ್ಪು ಎದೆಯ ಪ್ಯಾರಟ್‌ಬಿಲ್ ಎಲ್ಲಿ ಸಿಗುತ್ತದೆ?’ ಹುಲ್ಲಿನ ಬಗೆ, ಹೊತ್ತು, ಹೋದ ಋತುವಿನಲ್ಲಿ ಕಂಡದ್ದು ಹೇಳುವವರು ನಂಬಿಕೆಗೆ ಅರ್ಹರು. ‘ಎಲ್ಲವನ್ನೂ ಗ್ಯಾರಂಟಿ ತೋರಿಸುತ್ತೇನೆ’ ಎನ್ನುವವರನ್ನು ಬಿಟ್ಟುಬಿಡಿ. ಸ್ಪಾಟಿಂಗ್ ಸ್ಕೋಪ್ (ಮುಕ್ಕಾಲಿಯ ಮೇಲಿಟ್ಟು ನೋಡುವ ದೂರದರ್ಶಕ) ತರುತ್ತಾರೆಯೇ, ಗುಂಪಿನಲ್ಲಿ ಎಷ್ಟು ಜನ ಎಂಬುದನ್ನೂ ವಿಚಾರಿಸಿ. ಕಾಡಿನ ಹಾದಿಯಲ್ಲಿ ಆರಕ್ಕಿಂತ ಹೆಚ್ಚು ಜನ ಸಾಲಾಗಿ ನಡೆದರೆ ಹಿಂದಿನವರಿಗೆ ಸಿಗುವುದು ಅಲುಗಾಡುವ ರೆಂಬೆ ಮಾತ್ರ.

ಸಾಧ್ಯವಾದಷ್ಟೂ ಅಲ್ಲಿನ ಊರವರನ್ನೇ ಗೊತ್ತುಮಾಡಿ, ಇದನ್ನು ಒತ್ತಿ ಹೇಳುತ್ತೇನೆ. 1980ರ ದಶಕದ ಕೊನೆಯಿಂದ, ಪ್ರತ್ಯೇಕ ರಾಜ್ಯಕ್ಕಾಗಿ ಬೋಡೊ ಸಮುದಾಯದ ಹೋರಾಟದೊಂದಿಗೆ ನಡೆದ ಸಂಘರ್ಷದಲ್ಲಿ ಮಾನಸ್ ಎಷ್ಟು ಹಾಳಾಯಿತೆಂದರೆ ಯುನೆಸ್ಕೊ ಅದನ್ನು 1992ರಲ್ಲಿ ಅಪಾಯದಲ್ಲಿರುವ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಆ ಪಟ್ಟಿಯಿಂದ ಹೊರಬಂದದ್ದು 2011ರಲ್ಲಿ. ನಡುವಿನ ವರ್ಷಗಳಲ್ಲಿ ಕಾಡನ್ನು ಮತ್ತೆ ಕಾಯಲು ನಿಂತವರಲ್ಲಿ ಬೋಡೊ ಹಳ್ಳಿಗಳ ಯುವಕರಿದ್ದರು, ಬಂದೂಕು ಕೆಳಗಿಟ್ಟು ಬಂದ ಬೇಟೆಗಾರರೂ ಇದ್ದರು. ಹುಲ್ಲಿನೊಳಗಿನ ದನಿಗಳು ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ. ಭಾಷೆಯ ತೊಡಕೂ ಇಲ್ಲ, ಸುಮಾರಾಗಿ ಹಿಂದಿ ಬಂದರೆ ಸಾಕು.

ಚೀಲಕ್ಕೆ ಏನೇನು?

ದುರ್ಬೀನು 8×42 ಇರಲಿ. 10×42 ಇನ್ನಷ್ಟು ಹತ್ತಿರ ತೋರಿಸುವುದು ನಿಜ, ಆದರೆ ಕೈ ನಡುಕವನ್ನೂ ಹಿಗ್ಗಿಸುತ್ತದೆ, ನೋಟದ ಹರವನ್ನು ಕುಗ್ಗಿಸುತ್ತದೆ. ಎಲೆಗಳ ನಡುವೆ ಓಡಾಡುವ ಪುಟ್ಟ ಹಕ್ಕಿಯನ್ನು ಹಿಡಿಯಲು ಅಗಲವಾದ ನೋಟವೇ ಬೇಕು. ಮಾಸಲು ಬಣ್ಣದ ತುಂಬುತೋಳಿನ ಬಟ್ಟೆ, ಬೆಳಗಿನ ಜೀಪಿಗೆ ಬೆಚ್ಚನೆಯ ಜಾಕೆಟ್, ನದಿ ದಾಟಲು ಒದ್ದೆಯಾದರೂ ಚಿಂತೆಯಿಲ್ಲದ ಪಾದರಕ್ಷೆ. ಈ ತಪ್ಪಲು ಮಲೇರಿಯಾ ಇರುವ ಸೀಮೆ, ಹೊರಡುವ ಮುನ್ನ ವೈದ್ಯರನ್ನು ಕಾಣಿ. ಮಲೆನಾಡಿನವರು ಹೆದರುವ ಇಂಬಳದ ಕಾಟ ಒಣ ತಿಂಗಳುಗಳಲ್ಲಿ ಕಡಿಮೆ.

ಹೊರಡುವ ಮೊದಲು ಕಿವಿಗೂ ತಾಲೀಮು ಕೊಡಿ. ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್‌ನಲ್ಲಿ ಆ ಭಾಗದ ಹಕ್ಕಿಗಳ ಕಂತೆಯನ್ನು ಮನೆಯಲ್ಲೇ ಇಳಿಸಿಕೊಂಡು, ದಿನಕ್ಕೆ ಎರಡು ಮೂರು ದನಿಗಳನ್ನು ಕೇಳಿಸಿಕೊಳ್ಳಿ. ಹದಿನೈದಿಪ್ಪತ್ತು ದನಿ ಗುರುತು ಹಿಡಿಯುವಂತಾದರೂ ಕಾಡು ಎಷ್ಟೋ ಸ್ಪಷ್ಟವಾಗುತ್ತದೆ. ಆದರೆ ಕಾಡಿನೊಳಗೆ ಅದೇ ದನಿಯನ್ನು ಹಾಕಿ ಹಕ್ಕಿಯನ್ನು ಕರೆಯಬೇಡಿ. ಮರಿ ಮಾಡುವ ಕಾಲದಲ್ಲಿ ಎದುರಾಳಿ ಬಂದನೆಂದು ಗಂಡು ಹಕ್ಕಿ ಗೂಡು ಬಿಟ್ಟು ಹುಡುಕಾಡುತ್ತದೆ. ದಿನಕ್ಕೊಂದು ಗುಂಪು ಹೀಗೆ ಕಾಡಿದರೆ ಅದಕ್ಕೆ ಉಳಿಗಾಲವಿಲ್ಲ. ಗೈಡ್ ತಾವಾಗಿ ಸ್ಪೀಕರ್ ತೆಗೆದರೂ ಬೇಡ ಎನ್ನಿ.

ಕಾಡು: ನಡೆಯುವುದಕ್ಕಿಂತ ನಿಲ್ಲುವುದು ಹೆಚ್ಚು

ಅಸ್ಸಾಮಿನಲ್ಲಿ ಮಾರ್ಚ್ ಕೊನೆಗೆ ಐದೂವರೆಗೆಲ್ಲ ಬೆಳಕಾಗಿರುತ್ತದೆ, ಚಳಿಗಾಲದಲ್ಲಿ ಸಂಜೆ ಐದರೊಳಗೆ ಕತ್ತಲು. ನಿಮ್ಮ ಗಡಿಯಾರವನ್ನು ಅದಕ್ಕೆ ತಕ್ಕಂತೆ ಒಂದು ಗಂಟೆ ಮುಂದಕ್ಕೆ ಸರಿಸಿಕೊಳ್ಳಿ. ಮಲಗುವುದು ಎಂಟೂವರೆಗೆ, ಏಳುವುದು ನಾಲ್ಕೂವರೆಗೆ.

ನಾಮೇರಿಯ ವಿಶೇಷವೆಂದರೆ ಪೊತಾಸಾಲಿಯ ಬಳಿ ಜಿಯಾ ಭೊರೊಲಿ ನದಿಯನ್ನು ದೋಣಿಯಲ್ಲಿ ದಾಟಿ, ಬಂದೂಕುಧಾರಿ ಅರಣ್ಯ ಕಾವಲುಗಾರರ ಜೊತೆ ಕಾಲ್ನಡಿಗೆಯಲ್ಲೇ ಕಾಡು ಹೊಗಬಹುದು. ಇಲ್ಲಿ ಬಹುಪಾಲು ಹಕ್ಕಿಗಳು ಗುಂಪಾಗಿ ಮೇಯುತ್ತವೆ. ಅರ್ಧ ಗಂಟೆ ಒಂದು ಚಿಲಿಪಿಲಿಯೂ ಇಲ್ಲದೆ ಕಳೆಯುತ್ತದೆ, ಆಮೇಲೆ ತಲೆಯ ಮೇಲೆ ಒಮ್ಮೆಗೇ ಸುಲ್ತಾನ್ ಟಿಟ್, ಕೆಂಪು ಮಿನಿವೆಟ್, ಭೀಮರಾಜ, ಮರಕುಟಿಗ ಎಲ್ಲವೂ ಒಟ್ಟಾಗಿ ಬರುತ್ತವೆ. ಆಗ ಎಲ್ಲರೂ ಒಂದೇ ಹಕ್ಕಿಯ ಹಿಂದೆ ಬೀಳಬಾರದು. ಗುಂಪು ಯಾವ ದಿಕ್ಕಿಗೆ ಸರಿಯುತ್ತಿದೆ ನೋಡಿ, ಹತ್ತು ಹೆಜ್ಜೆ ಮುಂದೆ ಹೋಗಿ ನಿಲ್ಲಿ, ಅವೇ ನಿಮ್ಮ ಮೇಲೆ ಹಾದುಹೋಗುತ್ತವೆ. ಹಣ್ಣು ಬಿಟ್ಟ ಅತ್ತಿಯೋ ಬಸರಿಯೋ ಕಂಡರೆ ಆ ದಿನದ ನಡಿಗೆಯನ್ನು ಅಲ್ಲಿಗೇ ನಿಲ್ಲಿಸಿ ಕೂತುಬಿಡಿ. ರೈಲು ಎಂಜಿನ್ ಉಗಿ ಬಿಟ್ಟಂಥ ರೆಕ್ಕೆಯ ಸದ್ದು ಕೇಳಿಸಿತೆಂದರೆ ಮಂಗಟ್ಟೆ ಬಂತೆಂದೇ ಲೆಕ್ಕ. ಗಡಿಯಾಚೆ ಅರುಣಾಚಲದ ಪಕ್ಕೆ ಹುಲಿ ಸಂರಕ್ಷಿತ ಪ್ರದೇಶದ ಸುತ್ತ ಈ ಮಂಗಟ್ಟೆಗಳ ಗೂಡುಗಳನ್ನು ನ್ಯಿಶಿ ಸಮುದಾಯದ ಹಳ್ಳಿಗರೇ ಕಾಯುತ್ತಾರೆ. ದೂರದೂರಿನ ಜನ ಗೂಡುಗಳನ್ನು ‘ದತ್ತು’ ಪಡೆದು ಅವರ ಸಂಬಳಕ್ಕೆ ನೆರವಾಗುತ್ತಾರೆ. ಈ ಯೋಜನೆಯಲ್ಲಿ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಕೈಯೂ ಇದೆ.

ಅಸ್ಸಾಮಿನ ರಾಜ್ಯಪಕ್ಷಿ ದೇವ್‌ಹಾಂಸ್ ಅಥವಾ ಬಿಳಿ ರೆಕ್ಕೆಯ ಬಾತು ಇಲ್ಲಿನ ಕಾಡೊಳಗಿನ ಕೊಳಗಳಲ್ಲಿದೆ. ಬಾತು ಎಂದಾಕ್ಷಣ ತೆರೆದ ಕೆರೆ ನೆನಪಾಗುತ್ತದೆ, ಇದಕ್ಕೆ ಬೇಕಾದದ್ದು ಮರಗಳ ನೆರಳು ಕವಿದ ನಿಶ್ಚಲ ನೀರು. ಗೂಡು ಮರದ ಪೊಟರೆಯಲ್ಲಿ. ಹೆಚ್ಚಾಗಿ ನಸುಕು, ಮುಸ್ಸಂಜೆ ಮತ್ತು ರಾತ್ರಿಯಲ್ಲಿ ಮೇಯುವ ಇದು ಒಣ ಎಲೆ ಸದ್ದಾದರೂ ಹಾರಿಬಿಡುತ್ತದೆ. ಕೊಳ ಕಾಣುವ ಮೊದಲೇ ಮಾತು ನಿಲ್ಲಿಸಿ, ಮರದ ಮರೆಯಿಂದ ಒಬ್ಬೊಬ್ಬರಾಗಿ ಇಣುಕಿ. ಹತ್ತಿರದ ಫೋಟೊಕ್ಕೆ ಹಂಬಲಿಸಬೇಡಿ, ಹಾಗೆ ಎಬ್ಬಿಸಿದ ಹಕ್ಕಿ ಆ ಕೊಳಕ್ಕೆ ಬೇಗ ಮರಳುವುದಿಲ್ಲ.

ನದಿ: ಕಲ್ಲನ್ನು ನೋಡುವುದು

ಜಿಯಾ ಭೊರೊಲಿಯಲ್ಲಿ ರಬ್ಬರ್ ತೆಪ್ಪದ ಮೇಲೆ ಹರಿವಿನ ಜೊತೆ ತೇಲುತ್ತ ಹಕ್ಕಿ ನೋಡುವ ಸುಖ ನಮ್ಮ ನಾಡಿನಲ್ಲಿ ನನಗೆ ಸಿಕ್ಕಿಲ್ಲ. ಇಲ್ಲಿ ಎಲ್ಲರೂ ಹುಡುಕುವುದು ಐಬಿಸ್‌ಬಿಲ್ ಅನ್ನು. ಮೈ ಬೂದು, ಮುಖ ಕಪ್ಪು, ಕೆಳಕ್ಕೆ ಬಾಗಿದ ಕೊಕ್ಕು ಮಾತ್ರ ಕಡುಗೆಂಪು. ಬೂದು ಕಲ್ಲುಗಳ ನಡುವೆ ಕೂತರೆ ಇಪ್ಪತ್ತು ಗಜದಲ್ಲಿದ್ದರೂ ಕಣ್ಣು ಅದನ್ನು ದಾಟಿ ಹೋಗುತ್ತದೆ. ಉಪಾಯ ಇಷ್ಟೇ: ನದಿ ಕವಲೊಡೆದು ನೀರು ತೆಳ್ಳಗೆ ಹರಿಯುವ ಕಲ್ಲಿನ ದಿಬ್ಬಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ದುರ್ಬೀನಿನಲ್ಲಿ ಗುಡಿಸಿಕೊಂಡು ಬನ್ನಿ, ಮತ್ತೆ ಹಿಂದಕ್ಕೆ ಹೋಗಿ. ಒಂದು ‘ಕಲ್ಲು’ ಎದ್ದು ನಡೆದು, ಮತ್ತೊಂದು ಕಲ್ಲಿನಡಿ ಕೊಕ್ಕು ತೂರಿಸಿ ಹುಳು ಎಳೆಯುತ್ತದೆ. ತೆಪ್ಪ ತೀರಾ ಹತ್ತಿರ ಒಯ್ಯುವಂತೆ ಅಂಬಿಗರನ್ನು ಒತ್ತಾಯಿಸಬೇಡಿ. ಹಿರಿ ಮಿಂಚುಳ್ಳಿ, ನದಿ ಟಿಟ್ಟಿಭಗಳು ಹೇಗೂ ದಾರಿಯುದ್ದಕ್ಕೂ ಸಿಗುತ್ತವೆ.

ಹುಲ್ಲು: ಎತ್ತರ ಅಳೆದು ಹುಡುಕಿ

ದೂರದಿಂದ ಒಂದೇ ಹಳದಿ ಹಾಸಿನಂತೆ ಕಾಣುವ ಹುಲ್ಲುಗಾವಲಿನಲ್ಲಿ ಹಕ್ಕಿಗಳು ಎತ್ತರಕ್ಕೆ ತಕ್ಕಂತೆ ಪಾಲು ಹಂಚಿಕೊಂಡಿವೆ. ನೀರಂಚಿನ ಜೊಂಡು, ಎತ್ತರದ ಬೆತ್ತದಂಥ ಹುಲ್ಲಿನಲ್ಲಿ ಪ್ಯಾರಟ್‌ಬಿಲ್, ಜೆರ್ಡನ್ಸ್ ಬ್ಯಾಬ್ಲರ್ ಇರುತ್ತವೆ. ಹುಲ್ಲೂ ಹಾದಿಯೂ ಕೂಡುವ ಅಂಚಿಗೆ ಮುಂಜಾನೆ ಸ್ವಾಂಪ್ ಫ್ರಾಂಕೊಲಿನ್ ಬಂದು ಕೂಗುತ್ತದೆ. ಸುಟ್ಟು ಚಿಗುರಿದ ಗಿಡ್ಡ ಹುಲ್ಲು ಫ್ಲೋರಿಕನ್‌ಗೆ ಮೀಸಲು. ಮಾನಸ್‌ನ ಬಾಂಸಬಾರಿ ಗೇಟಿನಿಂದ ಭೂತಾನ್ ಗಡಿಯ ಮಾತಂಗುರಿವರೆಗೆ ಜೀಪಿನಲ್ಲಿ ಹೋಗುವಾಗ ಈ ಮೂರು ಎತ್ತರಗಳನ್ನೂ ಒಂದೇ ದಾರಿಯಲ್ಲಿ ಕಾಣಬಹುದು.

ಫ್ಲೋರಿಕನ್ ನಮ್ಮ ಸಿರುಗುಪ್ಪದ ಎರ್ಲಡ್ಡು ಹಕ್ಕಿಯ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಬಂಧು, ಅದರಷ್ಟೇ ಸಂಕಟದಲ್ಲಿರುವುದು. ಇಡೀ ಜಗತ್ತಿನಲ್ಲಿ ಉಳಿದಿರುವ ಬಲಿತ ಹಕ್ಕಿಗಳು ಸಾವಿರಕ್ಕಿಂತ ಕಡಿಮೆ, ಅವೂ ಭಾರತ–ನೇಪಾಳದಲ್ಲಿ ಒಂದಷ್ಟು, ಕಾಂಬೋಡಿಯಾದಲ್ಲಿ ಒಂದಷ್ಟು. ಇದನ್ನು ನೋಡಲು ಜೀಪ್ ಓಡಿಸಿ ಹುಡುಕಬಾರದು. ಬೆಳಕು ಹರಿಯುವಾಗ ತೆರೆದ ಗಿಡ್ಡ ಹುಲ್ಲಿನ ಎದುರು ಎಂಜಿನ್ ಆರಿಸಿ, ಬರಿಗಣ್ಣಿನಲ್ಲೇ ಇಡೀ ಬಯಲನ್ನು ನೋಡುತ್ತಿರಿ. ಕಪ್ಪು ಮೈಯ ಗಂಡು ಹುಲ್ಲಿನಿಂದ ನೆಟ್ಟಗೆ ಮೇಲೇಳುತ್ತದೆ, ಅಚ್ಚ ಬಿಳಿಯ ರೆಕ್ಕೆಗಳು ಒಮ್ಮೆಗೇ ಬಿಚ್ಚಿಕೊಳ್ಳುತ್ತವೆ, ಕೆಲವು ಕ್ಷಣದಲ್ಲಿ ಮತ್ತೆ ಹುಲ್ಲಿಗಿಳಿದು ಮಾಯ. ದುರ್ಬೀನು ಕಣ್ಣಿಗಿಟ್ಟುಕೊಂಡೇ ಕೂತವರು ಆ ಜಿಗಿತವನ್ನು ತಪ್ಪಿಸಿಕೊಳ್ಳುತ್ತಾರೆ. ಅದು ಮತ್ತೆ ಏಳುವುದು ಸಾಮಾನ್ಯವಾಗಿ ಅದೇ ಜಾಗದ ಆಸುಪಾಸಿನಲ್ಲಿ, ಆದ್ದರಿಂದ ಗುರುತಿಗೆ ಒಂದು ಪೊದೆ ನೋಡಿಟ್ಟುಕೊಂಡು ಕಾಯಿರಿ.

ಕಾಜಿರಂಗದಲ್ಲಿ ಸಫಾರಿ ಗೇಟು ತೆರೆಯುವ ಹೊತ್ತಿಗೆ ಸೂರ್ಯ ಮೇಲೆ ಬಂದಿರುತ್ತಾನೆ. ಆ ಮೊದಲಿನ ಒಂದೂವರೆ ಗಂಟೆಯನ್ನು ಹಾಸಿಗೆಯಲ್ಲಿ ಕಳೆಯದೆ ಚಹಾ ತೋಟದ ಅಂಚಿನಲ್ಲಿ, ಅನುಮತಿ ಸಿಕ್ಕರೆ ಪಾನಬಾರಿ ಕಾಡಿನಲ್ಲಿ ನಡೆಯಿರಿ. ಹೂಲಾಕ್ ಗಿಬ್ಬನ್‌ಗಳ ಕೂಗು ಕೇಳಿಸಬಹುದು. ಉದ್ಯಾನದೊಳಗೆ ಪೂರ್ವದ ಅಗರಾತೊಲಿ ವಲಯವನ್ನೇ ಆರಿಸಿ, ಅಲ್ಲಿನ ಸೊಹೊಲಾ ಬೀಲ್‌ನಲ್ಲಿ (ಬೀಲ್ ಎಂದರೆ ಕೆರೆ) ನೀರಹಕ್ಕಿಗಳು ತುಂಬಿರುತ್ತವೆ. ಪಟ್ಟೆತಲೆ ಹೆಬ್ಬಾತುಗಳಿಗೆ ಹೆಚ್ಚು ಹೊತ್ತು ಕೊಡಬೇಡಿ, ಗದಗದ ಮಾಗಡಿ ಕೆರೆಗೇ ಅವು ಬರುತ್ತವೆ. ಪಲ್ಲಾಸ್ ಮೀನುಗಿಡುಗ ಎಲ್ಲಿ ಕೂತಿದೆ ಎಂದು ಕೇಳಿ.

ಬರೆದಿಡುವುದು

ಪ್ರತಿ ಮಧ್ಯಾಹ್ನ ಊಟವಾದ ಮೇಲೆ ಗೈಡ್ ಜೊತೆ ಕೂತು ಬೆಳಗಿನ ಪಟ್ಟಿಯನ್ನು ಹಕ್ಕಿ ದಾಖಲೆಯ ಜಾಲತಾಣವಾದ ಇಬರ್ಡ್‌ಗೆ ಸೇರಿಸಿ, ರಾತ್ರಿಗೆ ಬಿಟ್ಟರೆ ಅರ್ಧ ಮರೆತಿರುತ್ತದೆ. ಹಕ್ಕಿಯ ಹೆಸರಿನ ಪಕ್ಕದಲ್ಲಿ ಹುಲ್ಲಿನ ಎತ್ತರ, ಸುಟ್ಟ ನೆಲವೋ ಅಲ್ಲವೋ ಎಂಬುದನ್ನೂ ಬರೆಯಿರಿ, ಹುಲ್ಲುಗಾವಲಿನ ಹಕ್ಕಿಗಳ ಬಗ್ಗೆ ಅಂಥ ಮಾಹಿತಿಗೆ ತುಂಬಾ ಬೆಲೆ ಇದೆ. ಫ್ಲೋರಿಕನ್ ಕುಣಿಯುವ ಜಾಗ, ಬಾತಿನ ಕೊಳ, ಮಂಗಟ್ಟೆಯ ಗೂಡು ಇವುಗಳ ಗುರುತನ್ನು ಮಾತ್ರ ಸಾಮಾಜಿಕ ಜಾಲತಾಣಗಳಿಗೆ ಹಾಕಬೇಡಿ. ಫೋಟೊ ಹಂಚಿಕೊಳ್ಳುವ ಮೊದಲು ಅದರಲ್ಲಿ ಅಡಗಿರುವ ಜಿಪಿಎಸ್ ಮಾಹಿತಿಯನ್ನು ಅಳಿಸಿ.