‘ಮೂಟ್ ಪಾಯಿಂಟ್’: ಯಾವ ಅರ್ಥ?
ಇಂಗ್ಲಿಷ್ ಬರಹದಲ್ಲಿ ‘ಮೂಟ್’ ಎಂಬ ಗುಣವಾಚಕ ಎದುರಾದರೆ, ಬರೆದವರದು ಬ್ರಿಟಿಷ್ ರೂಢಿಯೋ ಅಮೆರಿಕದ್ದೋ ಎಂಬುದನ್ನು ಮೊದಲು ಗಮನಿಸಿ. ಬ್ರಿಟಿಷ್ ಬಳಕೆಯಲ್ಲಿ ಅದು ‘ಇನ್ನೂ ತೀರ್ಮಾನವಾಗದ, ಚರ್ಚಾಸ್ಪದ’ ಎಂದಾದರೆ, ಅಮೆರಿಕದಲ್ಲಿ ಬಹುಮಟ್ಟಿಗೆ ‘ಈಗ ಚರ್ಚಿಸಿ ಫಲವಿಲ್ಲದ’ ಎಂದಾಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಸಭೆಯನ್ನು ಸೂಚಿಸುತ್ತಿದ್ದ ಈ ಪದ ಮುಂದೆ ಕಾನೂನು ವಿದ್ಯಾರ್ಥಿಗಳ ಅಭ್ಯಾಸದ ವಾದಕ್ಕೆ ಅಂಟಿಕೊಂಡಿತು (ನಮ್ಮ ಬೆಂಗಳೂರಿನ ಕಾನೂನು ಕಾಲೇಜುಗಳ ‘ಮೂಟ್ ಕೋರ್ಟ್’ ಅದೇ). ಕಲ್ಪಿತ ಮೊಕದ್ದಮೆಯ ತೀರ್ಪಿನಿಂದ ಯಾರಿಗೂ ಏನೂ ಆಗುವುದಿಲ್ಲವಾದ್ದರಿಂದ ಎರಡನೆಯ ಅರ್ಥಕ್ಕೆ ದಾರಿಯಾಯಿತು. ಭಾರತೀಯ ಇಂಗ್ಲಿಷಿನಲ್ಲಿ ಎರಡೂ ಅರ್ಥಗಳು ಬೆರೆತಿರುವುದರಿಂದ ಈ ಸುಳಿವು ಕೈಕೊಡಬಹುದು. ಆಗ ಮುಂದಿನ ವಾಕ್ಯದಲ್ಲಿ ವಾದ ಮುಂದುವರಿದಿದೆಯೋ ಕೈಬಿಟ್ಟಿದೆಯೋ ನೋಡಬೇಕು. ನೀವೇ ಬರೆಯುವಾಗ ಮೊದಲ ಅರ್ಥಕ್ಕೆ ‘ಡಿಬೇಟಬಲ್’ ಎನ್ನುವುದು ಕ್ಷೇಮ. ‘ಮ್ಯೂಟ್ ಪಾಯಿಂಟ್’ ಎನ್ನುವುದಂತೂ ಎರಡೂ ಕಡೆ ತಪ್ಪೇ.