ಎಡಕ್ಕೋ ಬಲಕ್ಕೋ, ಕತ್ತರಿ ಹಿಡಿದವರೇ ಹೇಳಲಿ

ಬೇಸಿಗೆ ಶಿಬಿರಗಳಲ್ಲಿ ‘ಎಲ್ಲರೂ ಭಾಗವಹಿಸುವ ಕಲೆ’ ಎಂದು ಶುರುವಾಗುವುದು ಎಷ್ಟೋ ಸಲ ಒಬ್ಬರು ಮಾಡಿ, ಮಿಕ್ಕವರು ಮೊಬೈಲ್‌ನಲ್ಲಿ ಫೋಟೊ ತೆಗೆಯುವಲ್ಲಿಗೆ ಬಂದು ನಿಲ್ಲುತ್ತದೆ. ಹಾಗಾಗಬಾರದು ಅಂದರೆ ಬ್ರೆಜಿಲ್‌ನ ಕಲಾವಿದೆ ಲಿಜಿಯಾ ಕ್ಲಾರ್ಕ್ 1963ರಲ್ಲಿ ರೂಪಿಸಿದ ‘ಕಾಮಿನ್ಯಾಂದೊ’ (ಪೋರ್ಚುಗೀಸಿನಲ್ಲಿ ‘ನಡೆಯುತ್ತಾ’ ಎಂದರ್ಥ) ಮಾಡಿಸಿ. ಕಾಗದ, ಅಂಟು, ಕತ್ತರಿ ಇದ್ದರೆ ಸಾಕು. ಕತ್ತರಿಸುತ್ತಾ ಹೋಗುವುದೇ ಇಲ್ಲಿ ಕಲಾಕೃತಿ. ಕತ್ತರಿ ಯಾರ ಕೈಯಲ್ಲಿದೆಯೋ ಅವರೇ ಕಲಾವಿದರು.

1. ಒಬ್ಬೊಬ್ಬರಿಗೂ 8 ಸೆಂ.ಮೀ. ಅಗಲ, ಸುಮಾರು 1 ಮೀಟರ್ ಉದ್ದದ ಪಟ್ಟಿ ಕತ್ತರಿಸಿಡಿ. ನೋಟ್‌ಬುಕ್ಕಿಗೆ ಬೈಂಡ್ ಹಾಕುವ ಬ್ರೌನ್ ಪೇಪರೇ ಒಳ್ಳೆಯದು. ಹೊಳೆಯುವ ಪ್ಲಾಸ್ಟಿಕ್ ಲೇಪದ್ದು ಬೇಡ, ಅಂಟು ಹಿಡಿಯುವುದಿಲ್ಲ. ನ್ಯೂಸ್‌ಪೇಪರ್ ಅರ್ಧಕ್ಕೇ ಹರಿಯುತ್ತದೆ.

2. ಪಟ್ಟಿಯ ಒಂದು ತುದಿಯನ್ನು ಒಮ್ಮೆ ಮಗುಚಿ ಇನ್ನೊಂದಕ್ಕೆ ಸೇರಿಸಿ. ಮಗುಚದಿದ್ದರೆ ಬರೀ ಬಳೆಯಾಗುತ್ತದೆ. ಬೆರಳನ್ನು ಎತ್ತದೆ ಉದ್ದಕ್ಕೂ ಸವರಿ ನೋಡಿ. ಎರಡೂ ಮೈ ಸುತ್ತಿ ಹೊರಟಲ್ಲಿಗೇ ಬಂದರೆ ಸರಿಯಾಗಿದೆ. ಇದೇ ಮೋಬಿಯಸ್ ಪಟ್ಟಿ.

3. ತುದಿಗಳನ್ನು ಎರಡು ಇಂಚು ಒಂದರ ಮೇಲೊಂದು ಬರುವಂತೆ ಫೆವಿಕಾಲ್‌ನಲ್ಲಿ ಅಂಟಿಸಿ. ಅಂಟು ಅಂಚಿನವರೆಗೂ ಹೋಗಬೇಕು. ನಡುವೆ ಮಾತ್ರ ಒಂದು ಬೊಟ್ಟು ಇಟ್ಟರೆ, ಪಟ್ಟಿ ಸಣ್ಣದಾದಂತೆ ಅಂಚಿನ ಎಳೆಗಳು ಬಿಟ್ಟುಕೊಳ್ಳುತ್ತವೆ. ಸೆಲ್ಲೋ ಟೇಪ್ ಬೇಡವೇ ಬೇಡ, ಕತ್ತರಿಯ ಬಾಯಿಗೆ ಗೋಂದು ಮೆತ್ತಿಕೊಳ್ಳುತ್ತದೆ. ಸ್ಟೇಪ್ಲರ್ ಪಿನ್ ಸಿಕ್ಕರೆ ಕತ್ತರಿಯೇ ಹಾಳು. ಪೂರ್ತಿ ಒಣಗಲಿ.

4. ಪಟ್ಟಿಯ ನಟ್ಟನಡುವೆ ಕತ್ತರಿಯ ಮೊನೆ ಚುಚ್ಚಿ, ಉದ್ದಕ್ಕೆ ಕತ್ತರಿಸಲು ಶುರು ಮಾಡಿ. ಮಕ್ಕಳಾದರೆ ಮೊದಲ ಸೀಳನ್ನು ದೊಡ್ಡವರೇ ಮಾಡಿಕೊಡಿ.

5. ಹೆಚ್ಚಿನವರು ಕೆಡಿಸುವುದು ಇಲ್ಲೇ. ಒಂದು ಸುತ್ತು ಮುಗಿದಾಗ ಕತ್ತರಿ, ಮೊದಲು ಮಾಡಿದ ಸೀಳಿನ ಎದುರಿಗೇ ಬಂದು ನಿಲ್ಲುತ್ತದೆ. ಸುಮ್ನೆ ಮುಂದೆ ಹೋದರೆ ಎರಡೂ ಸೀಳು ಕೂಡಿ, ಉದ್ದದ ಒಂದು ತಿರುಚಿದ ಬಳೆಯಾಗಿ ಆಟ ಮುಗಿಯುತ್ತದೆ. ಅದಕ್ಕೇ ಸೀಳು ಮೂರು ಬೆರಳು ದೂರ ಇರುವಾಗಲೇ ನಿಲ್ಲಿಸಿ. ಎಡಕ್ಕೋ ಬಲಕ್ಕೋ, ಕತ್ತರಿ ಹಿಡಿದವರೇ ತೀರ್ಮಾನ ಮಾಡಲಿ. ಆಮೇಲೆ ಕತ್ತರಿಯನ್ನಲ್ಲ, ಕಾಗದವನ್ನು ನಿಧಾನವಾಗಿ ತಿರುಗಿಸುತ್ತಾ ಓರೆಯಾಗಿ ಸರಿದು, ಹಳೆ ಸೀಳಿಗೂ ಅಂಚಿಗೂ ಸರಿಯಾಗಿ ಮಧ್ಯಕ್ಕೆ ಬರಬೇಕು. ಗಕ್ಕನೆ ತಿರುಗಿಸಿದರೆ ಆ ಮೂಲೆಯಲ್ಲೇ ಕಾಗದ ಹರಿಯುತ್ತದೆ. ಹೀಗೇ ಮುಂದುವರಿದರೆ ಪಟ್ಟಿ ಸಣ್ಣದಾಗುತ್ತಾ ಉದ್ದವಾಗುತ್ತದೆ, ಮುಂದಿನ ಆಯ್ಕೆ ಬರುವುದೂ ತಡವಾಗುತ್ತದೆ. ಇನ್ನು ಸೀಳಲು ಜಾಗವೇ ಇಲ್ಲ ಅನ್ನುವವರೆಗೂ ಬಿಡಬೇಡಿ.

ಅನುಕೂಲ ಅಂತ ಪೆನ್ಸಿಲ್ ಗೆರೆ ಹಾಕಿಕೊಡುವವರಿದ್ದಾರೆ. ದಯವಿಟ್ಟು ಬೇಡ. ಆಯ್ಕೆಯನ್ನೇ ಕಿತ್ತುಕೊಂಡರೆ ಉಳಿಯುವುದು ಕ್ರಾಫ್ಟ್ ಪೀರಿಯಡ್ ಅಷ್ಟೇ, ಅಲ್ವಾ? ಮೊದಲೇ ಪೂರ್ತಿ ಮಾಡಿ ತೋರಿಸುವುದೂ ತಪ್ಪು. ಎಲ್ಲರೂ ನಿಮ್ಮದನ್ನೇ ಕಾಪಿ ಮಾಡುತ್ತಾರೆ.

ಜನ ಜಾಸ್ತಿ ಇದ್ದರೆ ಜಮಖಾನದ ಮೇಲೆ ದುಂಡಗೆ ಕೂರಿಸಿ, ಇಬ್ಬರಿಗೆ ಒಂದು ಪಟ್ಟಿ ಕೊಡಿ. ಒಬ್ಬರು ಹಿಡಿಯಲಿ, ಒಬ್ಬರು ಕತ್ತರಿಸಲಿ. ಹಳೆ ಸೀಳು ಎದುರಾದಾಗಲೆಲ್ಲ ಕತ್ತರಿ ಕೈ ಬದಲಾಗಲಿ, ದಾರಿ ಆರಿಸುವುದು ಹೊಸಬರ ಪಾಲು. ಇದು ಕ್ಲಾರ್ಕ್ ಹೇಳಿದ್ದಲ್ಲ, ನಾನು ಸೇರಿಸಿದ್ದು. ಹೀಗೆ ಮಾಡಿದರೆ ಸುಮ್ಮನೆ ನೋಡುತ್ತಾ ಕೂರುವವರು ಯಾರೂ ಇರುವುದಿಲ್ಲ. ಫೋಟೊ ಬೇಕೇ ಬೇಕೆಂದರೆ ಕತ್ತರಿಸುವ ಕೈಗಳದ್ದು ತೆಗೆಯಿರಿ. ಉಳಿದ ಕಾಗದದ ಸಿಕ್ಕನ್ನು ಗುಡಿಸಿ ರದ್ದಿಗೆ ಹಾಕಿ.