ತನ್ನ ದಿಕ್ಕು ತಾನೇ ಹಿಡಿಯುವ ಕ್ಯಾಮೆರಾ: ಚಿಕ್ಕಬಳ್ಳಾಪುರದ ಮಾಳಿಗೆಯಿಂದ ನನ್ನ ಅನುಭವ

ಈ ಸಲದ ಶಿವರಾತ್ರಿ ಜಾಗರಣೆಯಲ್ಲಿ ನಮ್ಮ ಮಾಳಿಗೆಯ ಸ್ಟಾರ್ ಟ್ರ್ಯಾಕರ್ (ನಕ್ಷತ್ರಗಳ ಫೋಟೊ ನೋಡಿ ತಾನು ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ಲೆಕ್ಕ ಹಾಕುವ ಕ್ಯಾಮೆರಾ, ಬಾಹ್ಯಾಕಾಶ ನೌಕೆಗಳಲ್ಲಿ ಇರುವಂಥದ್ದು) ರಾತ್ರಿ ಎಂಟರಿಂದ ಬೆಳಗಿನ ನಾಲ್ಕರವರೆಗೆ ಒಮ್ಮೆಯೂ ದಿಕ್ಕು ತಪ್ಪಲಿಲ್ಲ. ನಾನು ಕೀಬೋರ್ಡ್ ಮುಟ್ಟಿರಲೇ ಇಲ್ಲ. "ನಾಲ್ಕು ಸಾವಿರದ ಕ್ಯಾಮೆರಾದಲ್ಲಿ ಇದು ಆಗೋ ಮಾತಲ್ಲ" ಅಂದಿದ್ದ ಗೆಳೆಯರಿಗೆಲ್ಲ ಬೆಳಗಾಗುತ್ತಲೇ ಲಾಗ್ ಫೈಲ್ ಕಳಿಸಿದೆ.

ಸೆಟ್ಟಿಂಗ್‌ಗಳನ್ನು ಟ್ರ್ಯಾಕರ್ ತಾನೇ ತಿದ್ದಿಕೊಳ್ಳಬೇಕು ಅನ್ನುವುದು ನನ್ನ ಹಟ. ದೂರದ ನೌಕೆಯನ್ನು ಪ್ರತಿ ಸಲ ಭೂಮಿಯಿಂದ ತಿದ್ದುತ್ತಾ ಕೂರುವುದು ಸುಲಭವಲ್ಲ. 1998ರಲ್ಲಿ ಹಾರಿದ ಡೀಪ್ ಸ್ಪೇಸ್ 1 ಕ್ಷುದ್ರಗ್ರಹಗಳ ಫೋಟೊ ನೋಡಿ ತನ್ನ ದಾರಿ ಲೆಕ್ಕ ಹಾಕುತ್ತಿದ್ದ ನೌಕೆ. ಅದರ ಸ್ಟಾರ್ ಟ್ರ್ಯಾಕರ್ 1999ರ ನವೆಂಬರಿನಲ್ಲಿ ಕೆಟ್ಟಿತು. ಬೇರೆ ಕ್ಯಾಮೆರಾವನ್ನು ಆ ಕೆಲಸಕ್ಕೆ ಹಚ್ಚುವ ಸಾಫ್ಟ್‌ವೇರ್ ಬರೆದು ಭೂಮಿಯಿಂದ ಕಳಿಸಲು ತಿಂಗಳುಗಟ್ಟಲೆ ಹಿಡಿಯಿತು. ಇನ್ನು ವಾಯೇಜರ್ 1ಕ್ಕಂತೂ ಇಲ್ಲಿಂದ ಒಂದು ಆಜ್ಞೆ ಮುಟ್ಟಲು 22 ಗಂಟೆಗೂ ಹೆಚ್ಚು ಬೇಕು.

ಮೊದಲ ಆರು ತಿಂಗಳು ಹಾಳಾದದ್ದು, ಯಾವ ಸೆಟ್ಟಿಂಗ್ ಚೆನ್ನಾಗಿದೆ ಅಂತ ಪ್ರೋಗ್ರಾಂ ತಾನೇ ಹಾಕಿಕೊಳ್ಳುವ ಸ್ಕೋರ್‌ನಿಂದ. ಹೆಚ್ಚು ನಕ್ಷತ್ರ ಸಿಕ್ಕರೆ ಹೆಚ್ಚು ಅಂಕ ಅಂತ ಬರೆದಿದ್ದೆ. ಪ್ರೋಗ್ರಾಂ ಥ್ರೆಶೋಲ್ಡ್ (ಎಷ್ಟು ಬೆಳಕಿದ್ದರೆ ನಕ್ಷತ್ರ ಅನ್ನುವ ಮಿತಿ) ಇಳಿಸುತ್ತಾ ಇಳಿಸುತ್ತಾ ಸೆನ್ಸರಿನ ನಾಯ್ಸನ್ನೇ, ಅಂದರೆ ಅದರೊಳಗಿನ ಸುಳ್ಳು ಚುಕ್ಕೆಗಳನ್ನೇ, ನಕ್ಷತ್ರ ಅಂತ ಎಣಿಸಿತು. ಒಂದೇ ಫ್ರೇಮಿನಲ್ಲಿ ನಾನೂರು ಚುಕ್ಕೆ, ದಿಕ್ಕು ಮಾತ್ರ ಇಲ್ಲ! ಆಮೇಲೆ ಚುಕ್ಕೆಗಳ ನಡುವಿನ ಕೋನಗಳು ನಕ್ಷತ್ರಗಳ ಕ್ಯಾಟಲಾಗಿಗೆ ಎಷ್ಟು ಹೊಂದುತ್ತವೆ ಅನ್ನುವುದಕ್ಕೆ ಅಂಕ ಕೊಟ್ಟೆ. ಆಗ ಮೂರೇ ಚುಕ್ಕೆ ಉಳಿಸಿಕೊಂಡು ತಪ್ಪನ್ನು ಸೊನ್ನೆಗೆ ತಂದಿಟ್ಟಿತು. ಅದರಲ್ಲೂ ಆ ಮೂರು ನಕ್ಷತ್ರಗಳೇ ಅಲ್ಲ, ಪಕ್ಕದ ಸೇವಂತಿಗೆ ಹೊಲದಲ್ಲಿ ರಾತ್ರಿ ಉರಿಸುವ ಬಲ್ಬುಗಳು. ನೌಕೆ ಉರುಳಿದ ಹಾಗಿರಲಿ ಅಂತ ಹಳೇ ಟೇಬಲ್ ಫ್ಯಾನಿನ ಗೇರಿಗೆ ಸ್ಟೆಪ್ಪರ್ ಮೋಟಾರ್ ಹಾಕಿ ಕ್ಯಾಮೆರಾ ಕಟ್ಟಿದ್ದೆ, ಅದು ಕೆಳಗೆ ವಾಲಿದಾಗಲೆಲ್ಲ ಸಾಲು ಬಲ್ಬು ಕಾಣುತ್ತಿತ್ತು.

ಕೊನೆಗೆ ಕೈಹಿಡಿದದ್ದು ಹೀಗೆ: ಸಿಕ್ಕ ಚುಕ್ಕೆಗಳಲ್ಲಿ ಅರ್ಧದಿಂದ ದಿಕ್ಕು ಹಿಡಿಯಬೇಕು. ಆ ದಿಕ್ಕು ನಿಜವಾದರೆ ಮಿಕ್ಕ ನಕ್ಷತ್ರಗಳು ಎಲ್ಲಿರಬೇಕು ಅಂತ ಮೊದಲೇ ಹೇಳಬೇಕು. ಹೇಳಿದ ಜಾಗದಲ್ಲಿ ಚುಕ್ಕೆ ಇದ್ದರೆ ಮಾತ್ರ ಅಂಕ. ಬಲ್ಬು, ನಾಯ್ಸ್, ಹಾಟ್ ಪಿಕ್ಸೆಲ್ (ಸೆನ್ಸರಿನಲ್ಲಿ ಸದಾ ಹೊಳೆಯುವ ಕೆಟ್ಟ ಚುಕ್ಕೆ) ಎಲ್ಲ ಒಂದೇ ಏಟಿಗೆ ಉದುರಿದವು. ತಪ್ಪು ಈಗ ಎರಡು ಆರ್ಕ್‌ಮಿನಿಟ್ ಆಸುಪಾಸು (ಒಂದು ಡಿಗ್ರಿಗೆ ಅರವತ್ತು ಆರ್ಕ್‌ಮಿನಿಟ್). ಪ್ರತಿ ಸಲ ಸೆಟ್ಟಿಂಗನ್ನು ಎಷ್ಟು ಕದಲಿಸಬೇಕು, ಮೋಡ ಕವಿದಾಗ ಏನು ಮಾಡಬೇಕು ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಖರ್ಚು ಸುಮಾರು ಮೂವತ್ತೆರಡು ಸಾವಿರ. ಅದರಲ್ಲಿ ಐದೂವರೆ ಸಾವಿರದ ಲೆನ್ಸ್ ಚಳಿಗೆ ಫೋಕಸ್ ನಿಲ್ಲದೆ ದಂಡವಾಯಿತು. ನಂದಿ ಬೆಟ್ಟದ ಕಡೆಯ ಇಬ್ಬನಿ ಇಳಿದು ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಸುಟ್ಟಿತು. ಆಮೇಲೆ ಲೆನ್ಸ್ ಬೆಚ್ಚಗಿದ್ದು ಇಬ್ಬನಿ ಕೂರದಿರಲಿ ಅಂತ ಅದರ ಸುತ್ತ ರೆಸಿಸ್ಟರ್ ಬಳೆ ಮಾಡಿ ಹನ್ನೆರಡು ವೋಲ್ಟ್ ಕೊಟ್ಟೆ. ಇಪ್ಪತ್ತು ರೂಪಾಯಿಯ ಕೆಲಸ, ದೂರದರ್ಶಕ ಇಟ್ಟುಕೊಂಡವರೂ ಮಾಡಿ ನೋಡಿ.

ಹೋದ ವಾರ ಲೆನ್ಸಿನ ಅರ್ಧಕ್ಕೆ ಕಪ್ಪು ಟೇಪ್ ಅಂಟಿಸಿ ಊಟಕ್ಕೆ ಇಳಿದೆ. ಬರುವಷ್ಟರಲ್ಲಿ ಎಕ್ಸ್‌ಪೋಷರನ್ನು ಅರ್ಧ ಸೆಕೆಂಡಿನಿಂದ ಒಂದಕ್ಕೆ ಏರಿಸಿಕೊಂಡು ಮತ್ತೆ ದಿಕ್ಕು ಹಿಡಿದಿತ್ತು.